ಅವಳಿ ಕೂಸುಗಳಿಗೆ ಹಾಲೂಡಿಕೆ: ಹೆರಿಗೆಯ ನಂತರದ ಮೊದಲ ದಿನಗಳು

ಒಂದೇ ಬಸಿರಲ್ಲಿ ಬೆಳೆದು ಒಟ್ಟಿಗೆ ಹುಟ್ಟಿದ ಎರಡು ಶಿಶುಗಳಿಗೆ ಹುಟ್ಟಿದ ಗಳಿಗೆಯಿಂದ ಮೊದಲ ಒಂದೆರಡು ವಾರ ಹಾಲುಣಿಸುವ ಕ್ರಮ. ಒಂಟಿ ಶಿಶುವಿಗೆ ಹಾಲೂಡುವ ಕೆಲಸವನ್ನು ಎರಡರಿಂದ ಗುಣಿಸಿದರೆ ಇದರ ಪೂರ್ತಿ ಅಂದಾಜು ಸಿಗುವುದಿಲ್ಲ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಹುಟ್ಟುತೂಕ ಎರಡೂವರೆ ಕೆಜಿಗಿಂತ ಕಡಿಮೆ ಇರುವುದೇ ಹೆಚ್ಚು. ತಾಯಿಗೆ ಸಿಸೇರಿಯನ್ ಆಗಿರುವ, ರಕ್ತ ಹೆಚ್ಚು ಹೋಗಿರುವ ಸಂಭವವೂ ಜಾಸ್ತಿ. ಎಷ್ಟೋ ಸಲ ಒಂದು ಕೂಸು ತಾಯಿಯ ಮಗ್ಗುಲಲ್ಲಿದ್ದರೆ ಇನ್ನೊಂದು ಮೇಲಿನ ಮಹಡಿಯ ನವಜಾತ ಶಿಶು ಘಟಕದಲ್ಲಿರುತ್ತದೆ. ಇವೆಲ್ಲದರ ನಡುವೆ ಹಾಲೂಡಿಕೆ ಶುರುವಾಗಬೇಕು.

ಜಗತ್ತಿನಲ್ಲಿ ಈಗ 1000 ಹೆರಿಗೆಗೆ ಸುಮಾರು 12 ಅವಳಿ ಹೆರಿಗೆಗಳಾಗುತ್ತವೆ. ವರ್ಷಕ್ಕೆ ಸುಮಾರು 16 ಲಕ್ಷ ಜೋಡಿಗಳು. ಏಷ್ಯಾದ ದೇಶಗಳಲ್ಲಿ ಸಹಜ ಪ್ರಮಾಣ ಇದಕ್ಕಿಂತ ಕಡಿಮೆಯಾದರೂ ಬಂಜೆತನ ನಿವಾರಣೆಯ ಚಿಕಿತ್ಸೆ ವ್ಯಾಪಕವಾದ ಮೇಲೆ ನಗರಗಳ ಆಸ್ಪತ್ರೆಗಳಲ್ಲಿ ಅವಳಿಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿವೆ.

ಎರಡು ಕೂಸಿಗೆ ಸಾಲುವಷ್ಟು ಹಾಲು

ಅವಳಿ ಹೆತ್ತವಳ ಮಂಚದ ಸುತ್ತ ಮೊದಲ ದಿನವೇ ಕೇಳಿಬರುವ ಮಾತು: "ಒಂದಕ್ಕೇ ಸಾಲದು, ಎರಡಕ್ಕೆ ಎಲ್ಲಿಂದ ಬರಬೇಕು?" ಹೇಳುವವರು ಅತ್ತೆಯೋ ಅಜ್ಜಿಯೋ ಪಕ್ಕದ ಮಂಚದವರೋ, ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತು ಮಾಡುವಷ್ಟು ಕೇಡನ್ನು ಕೂಸಿನ ಕಡಿಮೆ ತೂಕವಾಗಲಿ ತಾಯಿಯ ಹೊಟ್ಟೆಯ ಹೊಲಿಗೆಯಾಗಲಿ ಮಾಡುವುದಿಲ್ಲ. ಸಾಲದೆಂದು ನಂಬಿದ ಮನೆಯಲ್ಲಿ ಎರಡನೇ ದಿನವೇ ಹಾಲಿನ ಪುಡಿಯ ಡಬ್ಬಿ ಬರುತ್ತದೆ. ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪದ ಎದೆಯಲ್ಲಿ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ.

ಎದೆಹಾಲು ಹೊಳೆಮರಳಿನ ಒರತೆಯಂತೆ. ತೋಡಿದಷ್ಟೂ ಊರುತ್ತದೆ, ತೋಡುವುದನ್ನು ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಬಸಿರಿನ ನಡುಗಾಲದಲ್ಲೇ ಸ್ತನದ ಜೀವಕೋಶಗಳು ಹಾಲು ತಯಾರಿಸಲು ಸಜ್ಜಾಗಿರುತ್ತವೆ. ಮಾಸು ಸುರಿಸುವ ಪ್ರೊಜೆಸ್ಟರಾನ್ ಹಾರ್ಮೋನು ಅವುಗಳನ್ನು ತಡೆದಿರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಆ ಹಾರ್ಮೋನಿನ ಮಟ್ಟ ಕುಸಿಯುತ್ತದೆ, ಪ್ರೊಲ್ಯಾಕ್ಟಿನ್ ಕೆಲಸ ಶುರುವಾಗುತ್ತದೆ, ಸಾಮಾನ್ಯವಾಗಿ 30ರಿಂದ 72 ಗಂಟೆಗಳೊಳಗೆ ಎದೆ ಭಾರವಾಗಿ ಹಾಲು ಇಳಿಯುತ್ತದೆ. ಇಷ್ಟು ನಡೆಯಲು ಕೂಸು ಚೀಪಲೇಬೇಕೆಂದಿಲ್ಲ. ಆದರೆ ಮುಂದೆ ಎಷ್ಟು ಹಾಲು ಬರಬೇಕೆಂಬುದನ್ನು ನಿರ್ಧರಿಸುವುದು ಈ ಮೊದಲ ದಿನಗಳಲ್ಲಿ ಎದೆ ಎಷ್ಟು ಸಲ, ಎಷ್ಟು ಚೆನ್ನಾಗಿ ಬರಿದಾಯಿತು ಎಂಬುದು. ಪ್ರತಿ ಸಲ ಚೀಪಿದಾಗಲೂ ಪ್ರೊಲ್ಯಾಕ್ಟಿನ್ ಏರುತ್ತದೆ, ರಾತ್ರಿ ಹೊತ್ತು ಇನ್ನೂ ಹೆಚ್ಚು. ಹಾಲನ್ನು ತೊಟ್ಟಿನ ಕಡೆಗೆ ತಳ್ಳುವ ಆಕ್ಸಿಟೋಸಿನ್ ನೋವಿಗೂ ಭಯಕ್ಕೂ ಅವಮಾನಕ್ಕೂ ಹಿಂಜರಿಯುತ್ತದೆ. ಕೂಸಿನ ಮೈಬಿಸಿಗೆ, ಅದರ ಅಳುವಿನ ಸದ್ದಿಗೆ ಉಕ್ಕುತ್ತದೆ. ಎದೆಯಲ್ಲಿ ಹಾಲು ತುಂಬಿಕೊಂಡೇ ಇದ್ದರೆ "ಇಷ್ಟು ಸಾಕು" ಎಂಬ ಸೂಚನೆ ಆ ಸ್ತನದೊಳಗೇ ಹುಟ್ಟುತ್ತದೆ. ಎರಡು ಸ್ತನಗಳೂ ತಮ್ಮ ತಮ್ಮ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಅವಳಿಗಳ ಮಟ್ಟಿಗೆ ಇದು ಮುಖ್ಯವಾದ ಸಂಗತಿ; ಮುಂದೆ ಮತ್ತೆ ಬರುತ್ತದೆ.

1986ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು ಅವಳಿಗಳಿಗೆ ಹಾಲೂಡುತ್ತಿದ್ದ ಎಂಟು ತಾಯಂದಿರ ಹಾಲನ್ನು ಅಳೆದು ಪ್ರಕಟಿಸಿದರು. ಆರು ತಿಂಗಳ ಹೊತ್ತಿಗೆ ಅವರಲ್ಲಿ ದಿನಕ್ಕೆ 0.84ರಿಂದ 2.16 ಕೆಜಿವರೆಗೆ ಹಾಲಿತ್ತು. ಅದೇ ಅಧ್ಯಯನದಲ್ಲಿ ತ್ರಿವಳಿಗಳ ತಾಯಿಯೊಬ್ಬರು ಎರಡೂವರೆ ತಿಂಗಳಲ್ಲಿ ದಿನಕ್ಕೆ 3.08 ಕೆಜಿ ಹಾಲು ಕೊಡುತ್ತಿದ್ದರು. ಒಂಟಿ ಕೂಸಿನ ತಾಯಿಯ ಹಾಲು ಸಾಮಾನ್ಯವಾಗಿ ದಿನಕ್ಕೆ ಮುಕ್ಕಾಲು ಲೀಟರಿನ ಆಸುಪಾಸು. ಕೇಳುವ ಬಾಯಿ ಹೆಚ್ಚಿದ್ದಲ್ಲಿ ಹಾಲೂ ಹೆಚ್ಚಿತ್ತು.

ಹಾಲು ನಿಜವಾಗಿಯೂ ತಡವಾಗುವ, ಕಡಿಮೆಯಾಗುವ ಸಂದರ್ಭಗಳಿವೆ. ಅವನ್ನು ತಾಯಿಯ ಮನಸ್ಸಿನ ಮೇಲೆ ಹೊರಿಸುವುದು ಅನ್ಯಾಯ. ಸಕ್ಕರೆ ಕಾಯಿಲೆ, ಸ್ಥೂಲಕಾಯ, ಸಿಸೇರಿಯನ್, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ ಇವೆಲ್ಲ ಹಾಲು ಇಳಿಯುವುದನ್ನು ಒಂದೆರಡು ದಿನ ಮುಂದೂಡಬಹುದು. ರಕ್ತಸ್ರಾವದಿಂದ ಮಿದುಳಿನ ಪಿಟ್ಯುಟರಿ ಗ್ರಂಥಿಗೇ ಪೆಟ್ಟಾದರೆ ಹಾಲು ಬಾರದೇ ಹೋಗುವುದೂ ಉಂಟು. ಅವಳಿ ಹೆರಿಗೆಯಲ್ಲಿ ಗರ್ಭಕೋಶ ಹೆಚ್ಚು ಹಿಗ್ಗಿರುವುದರಿಂದ ಅದು ಬೇಗ ಮುದುಡದೆ ರಕ್ತ ಹೋಗುವ ಅಪಾಯ ಹೆಚ್ಚು. ಹಾಗಾಗಿ ಈ ತಾಯಂದಿರ ವಿಷಯದಲ್ಲಿ ವೈದ್ಯರು ಇದನ್ನು ನೆನಪಿನಲ್ಲಿಡಬೇಕು.

ಗಿಣ್ಣಿನಂಥ ಮೊದಲ ಹಾಲು

ಹಸು ಕರು ಹಾಕಿದ ಮನೆಯಲ್ಲಿ ಗಿಣ್ಣಿಗೆ ಕಾಯದವರಿಲ್ಲ. ಆದರೂ ಬಾಣಂತಿಯ ಮೊದಲ ಹಾಲನ್ನು ಹಳದಿಯಾಗಿದೆ, ಅಂಟಾಗಿದೆ, ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಎರಡು ಮೂರು ದಿನ ಕೂಸಿನ ನಾಲಗೆಗೆ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ತೇದ ಬಜೆ ಹಚ್ಚುವ ರೂಢಿ ಕರ್ನಾಟಕದ ಹಲವು ಕಡೆ ಬಹುಕಾಲ ಇತ್ತು, ಈಗಲೂ ಅಲ್ಲಲ್ಲಿ ಉಳಿದಿದೆ. ಆ ಹಳದಿ ಬಣ್ಣ ಎ ಜೀವಸತ್ವಕ್ಕೆ ಮೂಲವಾದ ಕೆರೋಟಿನ್‌ನಿಂದ ಬಂದದ್ದು. ಅದರಲ್ಲಿ ಕರುಳಿನ ಗೋಡೆಯನ್ನು ಕಾಯುವ ಪ್ರತಿಕಾಯಗಳೂ ಬಿಳಿ ರಕ್ತಕಣಗಳೂ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನೂ ದಟ್ಟವಾಗಿರುತ್ತವೆ. ಕೂಸಿನ ಕಪ್ಪು ಮೊದಲ ಮಲವನ್ನು ಹೊರಹಾಕಿಸುವ ಗುಣವೂ ಅದಕ್ಕಿದೆ. ಜೇನಿನಲ್ಲಾದರೋ ಬಾಟುಲಿಸಂ ರೋಗದ ಬೀಜಾಣುಗಳಿರಬಹುದು; ವರ್ಷ ತುಂಬದ ಮಗುವಿಗೆ ಅದನ್ನು ಕೊಡಲೇಬಾರದು. ದಿನ ತುಂಬದೆ ಹುಟ್ಟಿದ ಅವಳಿಗಳ ಕರುಳು ಇನ್ನೂ ಎಳತು, ಬೇರೇನನ್ನೂ ತಡೆದುಕೊಳ್ಳದು.

ಈ ಹಾಲಿನ ಪ್ರಮಾಣ ತೀರ ಸ್ವಲ್ಪ. ದಿನ ತುಂಬಿದ ಕೂಸು ಮೊದಲ 24 ಗಂಟೆಯಲ್ಲಿ ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿಲಿ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60 ಮಿಲಿ. ಹುಟ್ಟಿದ ಕೂಸಿನ ಜಠರ ಹಿಡಿಸುವುದೇ ಸುಮಾರು 20 ಮಿಲಿ. ಮೊದಲ ದಿನ ಎದೆ ಮೆತ್ತಗಿದೆ, ಹಿಂಡಿದರೆ ನಾಲ್ಕು ಹನಿ ಬರುತ್ತದೆ ಎಂದು ಗಾಬರಿಯಾಗುವವರಿಗೆ ಈ ಅಳತೆಗಳನ್ನು ಹೆರಿಗೆಗೆ ಮೊದಲೇ, ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬಂದಾಗಲೇ ಹೇಳಿದ್ದರೆ ಎಷ್ಟೋ ಡಬ್ಬಿಗಳು ಅಂಗಡಿಯಲ್ಲೇ ಉಳಿಯುತ್ತಿದ್ದವು.

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹಾಗೆ ಹಾಲು ಪಡೆದ ಮಕ್ಕಳು ಶೇ. 41.8 ಮಾತ್ರ; ಒಂಟಿ ಕೂಸುಗಳೇ ಬಹುಪಾಲು ಇರುವ ಲೆಕ್ಕವಿದು. ಅವಳಿ ಹೆರಿಗೆಯಲ್ಲಿ ಮೊದಲ ಕೂಸು ಹುಟ್ಟಿ ಎರಡನೆಯದು ಬರುವವರೆಗೆ ಎಲ್ಲರ ಗಮನ ಎರಡನೆಯದರ ಮೇಲಿರುತ್ತದೆ. ಎರಡೂ ಅತ್ತು ಉಸಿರಾಡುತ್ತಿದ್ದರೆ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡಿದ ಸಿಸೇರಿಯನ್‌ನಲ್ಲೂ ತಾಯಿಯ ಎಚ್ಚರವಿರುವುದರಿಂದ ಎರಡನ್ನೂ ಅವಳೆದೆಯ ಮೇಲೆ ಮಲಗಿಸಬಹುದು. ಒಂದನ್ನು ಘಟಕಕ್ಕೆ ಒಯ್ಯಬೇಕಾಗಿ ಬಂದರೆ ಇನ್ನೊಂದು ಎದೆಗೆ ಬರುವುದು ನಿಲ್ಲಬೇಕಾಗಿಲ್ಲ.

ಚೀಪಲಾರದ ಕೂಸು: ಕೈಯಲ್ಲಿ ಹಿಂಡುವುದು, ಒಳಲೆ, ಕಾಂಗರೂ ಆರೈಕೆ

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದು ಲಯಕ್ಕೆ ಬರುವುದು ಬಸಿರಿನ 34ನೇ ವಾರದ ಹೊತ್ತಿಗೆ. ಭಾರತದ ನವಜಾತ ಶಿಶು ಘಟಕಗಳು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ: 34 ವಾರ ದಾಟಿದ ಕೂಸು ನೇರ ಎದೆಗೆ, 32ರಿಂದ 34 ವಾರದ್ದಕ್ಕೆ ಚಮಚ ಅಥವಾ ಒಳಲೆಯಲ್ಲಿ, 28ರಿಂದ 31 ವಾರದ್ದಕ್ಕೆ ಜಠರಕ್ಕೆ ಇಳಿಬಿಟ್ಟ ಸಣ್ಣ ನಳಿಕೆಯಲ್ಲಿ, ಅದಕ್ಕೂ ಮುಂಚೆ ಹುಟ್ಟಿದ್ದಕ್ಕೆ ಮೊದಲಿಗೆ ರಕ್ತನಾಳದ ಮೂಲಕ ದ್ರವ. ಎಲ್ಲದಕ್ಕೂ ಬೇಕಾದದ್ದು ತಾಯಿಯ ಹಾಲೇ. ತಲುಪಿಸುವ ದಾರಿ ಬೇರೆ. ಇಂಥ ಕೂಸುಗಳಿಗೆ ಮೊದಲ ದಿನ ತೂಕದ ಪ್ರತಿ ಕೆಜಿಗೆ ಸುಮಾರು 60 ಮಿಲಿ ಲೆಕ್ಕದಲ್ಲಿ ಶುರುಮಾಡಿ, ದಿನಕ್ಕೆ 15–20 ಮಿಲಿ ಏರಿಸುತ್ತ 150–160ಕ್ಕೆ ಒಯ್ಯುವುದು ವಾಡಿಕೆ. ಎರಡು ಕೆಜಿಯ ಅಕ್ಕನಿಗೆ ಎರಡು ಗಂಟೆಗೊಮ್ಮೆ 10 ಮಿಲಿಯಾದರೆ 1.6 ಕೆಜಿಯ ತಂಗಿಗೆ 8 ಮಿಲಿ. ಮೊದಲ ದಿನ ತಾಯಿಯಿಂದ ಎರಡಕ್ಕೂ ಅಷ್ಟು ಒದಗದಿದ್ದರೆ ಕೊರತೆಯನ್ನು ದಾನಿಯ ಹಾಲಿನಿಂದಲೋ ಡ್ರಿಪ್‌ನಿಂದಲೋ ತುಂಬುತ್ತಾರೆ.

ಕೂಸು ಚೀಪದಿದ್ದಾಗ ಎದೆಗೆ ಬೇಡಿಕೆ ಸಲ್ಲಿಸುವ ಕೆಲಸ ತಾಯಿಯ ಕೈಗೆ ಬರುತ್ತದೆ. ಸಾಧ್ಯವಾದರೆ ಹೆರಿಗೆಯಾದ ಒಂದು ಗಂಟೆಯೊಳಗೆ, ತಡವಾದರೂ ಆರು ಗಂಟೆಯೊಳಗೆ ಹಿಂಡಲು ಶುರುಮಾಡಬೇಕು. ದಿನಕ್ಕೆ ಎಂಟು ಸಲಕ್ಕೆ ಕಡಿಮೆಯಿಲ್ಲದಂತೆ, ರಾತ್ರಿ ಒಂದೆರಡು ಸಲ ಸೇರಿಸಿ. ಮೊದಲ ಹಾಲು ಅಂಟಾಗಿರುವುದರಿಂದ ಪಂಪಿನ ಗೋಡೆಗೇ ಹತ್ತಿಕೊಂಡು ಹೋಗುತ್ತದೆ. ಆ ಎರಡು ಮೂರು ದಿನ ಕೈಯೇ ಮೇಲು. ಹೆಬ್ಬೆರಳನ್ನೂ ತೋರುಬೆರಳನ್ನೂ ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ ಎದುರುಬದುರು ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಅಮುಕಿ ಬಿಡುವುದು. ಚರ್ಮದ ಮೇಲೆ ಬೆರಳು ಜಾರಿಸಿ ಉಜ್ಜಬಾರದು, ತೊಟ್ಟನ್ನೇ ಹಿಂಡಬಾರದು. ಹನಿ ಬಂದರೆ ಕುದಿಸಿ ತೆಗೆದ ಸಣ್ಣ ಬಟ್ಟಲಿಗೆ. ಆ ಹಾಲು ಕೋಣೆಯ ಸಾಧಾರಣ ಬಿಸಿಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಕೆಡದೆ ಇರುತ್ತದೆ. ಹಾಲು ಇಳಿದ ಮೇಲೆ ಪಂಪು ಬಳಸುವುದಾದರೆ ಎರಡೂ ಕಡೆ ಒಮ್ಮೆಗೇ ತೆಗೆಯುವುದು ಒಂದಾದ ಮೇಲೊಂದು ತೆಗೆಯುವುದಕ್ಕಿಂತ ಹೆಚ್ಚು ಹಾಲು ಕೊಡುತ್ತದೆ.

ಒಳಲೆ ನಮ್ಮ ಅಜ್ಜಿಯರ ಅಟ್ಟದ ಮೇಲಿನ ವಸ್ತು: ಬೆಳ್ಳಿಯದೋ ಹಿತ್ತಾಳೆಯದೋ, ಒಂದು ಕಡೆ ಮೂತಿ ಚೂಪಾದ ಪುಟ್ಟ ಬಟ್ಟಲು. ಇದೇ ಇಂದು ಸ್ಟೀಲಿನಲ್ಲಿ, ಪಾಲಾಡೈ ಎಂಬ ತಮಿಳು ಹೆಸರಿನಲ್ಲಿ ದೇಶದ ಶಿಶು ಘಟಕಗಳಲ್ಲೆಲ್ಲ ಇದೆ. ಕೂಸನ್ನು ತಲೆ ಎತ್ತರಿಸಿ ಅರೆಕುಳಿತ ಭಂಗಿಯಲ್ಲಿ ಹಿಡಿದು, ಮೂತಿಯನ್ನು ಬಾಯಿಯ ಮೂಲೆಗೆ ತಾಗಿಸಿ, ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ನುಂಗಿತೆಂದು ಖಾತ್ರಿಯಾದ ಮೇಲೆ ಮುಂದಿನ ಗುಟುಕು. ಮಲಗಿಸಿ ಬಾಯಿಗೆ ಸುರಿಯುವುದು ಅಪಾಯ. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತೊಳೆದು ಕುದಿಸಲು ಸುಲಭ, ನಿಪ್ಪಲ್ಲಿನ ರುಚಿ ಹತ್ತಿ ಎದೆ ಮರೆಯುವ ಭಯವಿಲ್ಲ. ಬಾಟಲಿಗಿಂತ ಇದು ಎಲ್ಲ ರೀತಿಯಲ್ಲೂ ಒಳ್ಳೆಯದು.

ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯ, ಇನ್‌ಕ್ಯುಬೇಟರ್‌ಗಳ ಕೊರತೆಯ ನಡುವೆ, ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಕಟ್ಟಿ ಬೆಚ್ಚಗಿಡುವ ಕ್ರಮ ಆರಂಭಿಸಿದರು. ಇದೇ ಕಾಂಗರೂ ಆರೈಕೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದರಿಂದ 1.8 ಕೆಜಿ ತೂಕದೊಳಗಿನ ಕೂಸುಗಳಿಗೆ ಹುಟ್ಟಿದೊಡನೆ ಈ ಆರೈಕೆ ಕೊಟ್ಟಾಗ 28 ದಿನದೊಳಗಿನ ಸಾವು ಶೇ. 15.7ರಿಂದ 12ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ವ್ಯವಸ್ಥೆಯೊಂದಿಗೆ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಕ್ರಮವನ್ನು ರೂಪಿಸಿದರು. ಅವಳಿಗಳಲ್ಲಿ ಎರಡನ್ನೂ ಒಟ್ಟಿಗೆ, ಎದೆಯ ಎರಡು ಪಕ್ಕಕ್ಕೆ ಕಟ್ಟಿಕೊಳ್ಳಬಹುದು. ತಾಯಿಯ ಬಳಿ ಒಂದು, ತಂದೆಯ ಅಥವಾ ಅಜ್ಜಿಯ ಎದೆಯಲ್ಲಿ ಒಂದು ಇರಬಹುದು. ಎದೆಯ ಹತ್ತಿರವೇ ಇರುವ ಕೂಸು ಹಾಲಿನ ವಾಸನೆ ಹಿಡಿದು ತಾನಾಗಿ ಬಾಯಾಡಿಸಲು ಕಲಿಯುತ್ತದೆ.

ಒಟ್ಟಿಗೋ ಒಂದೊಂದಾಗಿಯೋ

ಮೊದಲ ಒಂದೆರಡು ದಿನ ಒಂದೊಂದಾಗಿ ಹಚ್ಚುವುದು ಒಳ್ಳೆಯದು. ಪ್ರತಿ ಕೂಸೂ ಬಾಯಿ ಅಗಲಿಸಿ, ತೊಟ್ಟಿನ ಜೊತೆಗೆ ಕಪ್ಪು ಭಾಗವನ್ನೂ ಒಳಗೆ ತೆಗೆದುಕೊಂಡು, ಕೆಳತುಟಿ ಹೊರಮಡಿಚಿ, ಗಲ್ಲ ಎದೆಗೆ ತಾಗುವಂತೆ ಹಿಡಿಯಲು ಕಲಿಯಬೇಕು. ತಾಯಿಯೂ ಅದನ್ನು ಕಣ್ಣಿಟ್ಟು ನೋಡಬೇಕು. ಹಿಡಿತ ಕುದುರಿದ ಮೇಲೆ ಎರಡನ್ನೂ ಒಮ್ಮೆಗೇ ಹಚ್ಚಿದರೆ ಸಮಯ ಅರ್ಧವಾಗುತ್ತದೆ. ಒಂದು ಗಟ್ಟಿಯಾಗಿ ಚೀಪಿದಾಗ ಎರಡೂ ಕಡೆ ಹಾಲು ಹರಿಯುವುದರಿಂದ ಸೋತ ಕೂಸಿಗೂ ಶ್ರಮವಿಲ್ಲದೆ ಸಿಗುತ್ತದೆ. ಒಂದೊಂದು ಕೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆಂದರೆ, ಬೇರೆ ಬೇರೆಯಾಗಿ ಕುಡಿಸುವ ತಾಯಿಗೆ ನಿದ್ದೆಗೆ ಉಳಿಯುವುದು ಎಷ್ಟು?

ಸಿಸೇರಿಯನ್ ಆದವರಿಗೆ ಅನುಕೂಲವಾದದ್ದು ಕಂಕುಳ ಹಿಡಿತ. ಗೋಡೆಗೆ ಒರಗಿ ಕುಳಿತು, ಎರಡೂ ಪಕ್ಕದಲ್ಲಿ ದಿಂಬನ್ನೋ ಮಡಿಸಿದ ಕೌದಿಯನ್ನೋ ಎದೆಯ ಮಟ್ಟಕ್ಕೆ ಏರಿಸಿ, ಕೂಸುಗಳ ಕಾಲು ಬೆನ್ನ ಹಿಂದಕ್ಕೆ, ತಲೆ ಅಂಗೈಯಲ್ಲಿ ಬರುವಂತೆ ಕಂಕುಳಡಿ ಹಿಡಿಯುವುದು. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ, ಎರಡರ ಮುಖವೂ ಕಾಣುತ್ತದೆ. ಒಂದನ್ನು ತೊಡೆಯ ಮೇಲೆ, ಇನ್ನೊಂದನ್ನು ಕಂಕುಳಲ್ಲಿ ಹಿಡಿಯುವುದೂ ಇದೆ. ಯಾವುದಾದರೂ ಸರಿ, ಕೂಸುಗಳನ್ನು ಎತ್ತಿಕೊಡಲು, ತೇಗು ಬರಿಸಲು ಇನ್ನೊಬ್ಬರು ಪಕ್ಕದಲ್ಲಿರಬೇಕು.

ಈ ಮಗುವಿಗೆ ಈ ಎದೆ, ಆ ಮಗುವಿಗೆ ಆ ಎದೆ ಎಂದು ಮೊದಲ ದಿನದಿಂದಲೇ ಗೊತ್ತುಮಾಡುವ ಮನೆಗಳಿವೆ. ಮೊದಲ ವಾರದಲ್ಲಿ ಅದು ಬೇಡ. ಪ್ರತಿ ಸ್ತನವೂ ತನ್ನ ಬೇಡಿಕೆಯಷ್ಟೇ ತಯಾರಿಸುವುದರಿಂದ, ಸೋತ ಕೂಸಿನ ಪಾಲಿನ ಎದೆಯೇ ಸೋಲುತ್ತದೆ. ಹೆಚ್ಚು ಹಾಲು ಬೇಕಾದ ಕೂಸಿಗೇ ಕಡಿಮೆ ಸಿಗುತ್ತದೆ. ದಿನಕ್ಕೊಮ್ಮೆಯಾದರೂ ಬದಲಿಸಿದರೆ ಗಟ್ಟಿ ಕೂಸು ಎರಡೂ ಎದೆಗಳನ್ನು ಊರಿಸಿ ಕೊಡುತ್ತದೆ.

ಎರಡು ಕೂಸು, ಎರಡು ಲೆಕ್ಕ

ಅವಳಿಗಳನ್ನು ಒಂದೇ ಹೆಸರಿನಲ್ಲಿ ಕರೆದು, ಒಂದೇ ಬಟ್ಟೆ ತೊಡಿಸಿ ಸಂಭ್ರಮಿಸುವುದು ಚೆಂದ. ಹಾಲಿನ ವಿಷಯದಲ್ಲಿ ಮಾತ್ರ ಎರಡನ್ನೂ ಒಂದೆಂದು ನೋಡಿದರೆ ಚಿಕ್ಕದಕ್ಕೆ ಅನ್ಯಾಯವಾಗುತ್ತದೆ. ದೊಡ್ಡದಕ್ಕಿಂತ ಚಿಕ್ಕದರ ತೂಕ ಶೇ. 20ಕ್ಕೂ ಹೆಚ್ಚು ಕಡಿಮೆ ಇದ್ದರೆ ವೈದ್ಯರು ಅದನ್ನು ಗಮನಿಸಬೇಕಾದ ಅಂತರವೆನ್ನುತ್ತಾರೆ. ಚಿಕ್ಕದು ಅಳುವುದಿಲ್ಲ, ಕೇಳುವುದಿಲ್ಲ, ಎರಡು ಸಲ ಚೀಪಿ ನಿದ್ದೆ ಹೋಗುತ್ತದೆ. ಮನೆಯವರು "ಇದು ಸಾಧು ಕೂಸು" ಎಂದು ಮೆಚ್ಚುತ್ತಾರೆ. ಆ ಸಾಧುತನ ಎಷ್ಟೋ ಸಲ ಹಸಿವಿನ ನಿತ್ರಾಣ. ಅದನ್ನು ಎರಡರಿಂದ ಮೂರು ಗಂಟೆಗೊಮ್ಮೆ ಬಟ್ಟೆ ಬಿಡಿಸಿ, ಅಂಗಾಲು ತೀಡಿ ಎಬ್ಬಿಸಿ ಕುಡಿಸಬೇಕು. ದೊಡ್ಡದು ಎದ್ದಾಗ ಚಿಕ್ಕದನ್ನೂ ಎಬ್ಬಿಸುವುದು ಸುಲಭದ ಪದ್ಧತಿ.

ಕಡಿಮೆ ತೂಕದ, ದಿನ ತುಂಬದ ಕೂಸುಗಳಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ ಕೆಳಗಿಳಿಯದಂತೆ ಮೊದಲ ಎರಡು ಮೂರು ದಿನ ಹಿಮ್ಮಡಿ ಚುಚ್ಚಿ ನೋಡುತ್ತಿರುತ್ತಾರೆ. ಆ ಚುಚ್ಚುವಿಕೆ ಕಂಡು ಸಂಕಟಪಡುವ ತಾಯಿಗೆ ಅದರ ಕಾರಣ ಹೇಳುವುದು ದಾದಿಯರ ಕರ್ತವ್ಯ.

ಸಾಕಷ್ಟು ಹಾಲು ಹೋಗುತ್ತಿದೆಯೇ ಎಂಬುದಕ್ಕೆ ಕೂಸಿನ ಬಟ್ಟೆಯೇ ಸಾಕ್ಷಿ. ಮೊದಲ ದಿನ ಒಮ್ಮೆ, ಎರಡನೇ ದಿನ ಎರಡು ಸಲ, ಮೂರನೇ ದಿನ ಮೂರು ಸಲ ಉಚ್ಚೆ. ಐದಾರು ದಿನದ ಹೊತ್ತಿಗೆ ಆರಕ್ಕಿಂತ ಹೆಚ್ಚು. ಕಪ್ಪು ಮಲ ಹಸಿರಾಗಿ, ನಾಲ್ಕೈದು ದಿನಕ್ಕೆ ಹಳದಿಗೆ ತಿರುಗಬೇಕು. ಹುಟ್ಟುತೂಕದಲ್ಲಿ ಶೇ. 7ರಿಂದ 10ರಷ್ಟು ಇಳಿದು ಎರಡು ವಾರದೊಳಗೆ ಮರಳುವುದು ಸಹಜ. ದಿನ ತುಂಬದವುಗಳಲ್ಲಿ ಇಳಿತ ತುಸು ಹೆಚ್ಚು. ಇದನ್ನೆಲ್ಲ ನೆನಪಿನಲ್ಲಿಡುವುದು ನಿದ್ದೆಗೆಟ್ಟ ಬಾಣಂತಿಗೆ ಅಸಾಧ್ಯ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಕಂಬಸಾಲು ಎಳೆದು ಗೀಟು ಹಾಕಿಡುವ ಕೆಲಸವನ್ನು ತಂದೆ ವಹಿಸಿಕೊಳ್ಳಬೇಕು. ಎಬ್ಬಿಸಿದರೂ ಏಳದ, ಮೈ ತಣ್ಣಗಿರುವ, ಅಂಗೈ ಅಂಗಾಲು ಹಳದಿಯಾದ, ಹೊಟ್ಟೆ ಉಬ್ಬಿದ, ಹಸಿರು ವಾಂತಿ ಮಾಡಿದ ಕೂಸನ್ನು ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು.

ದಾನಿಯ ಹಾಲು, ಡಬ್ಬಿಯ ಹಾಲು

ತಾಯಿಯ ಹಾಲು ಸಿಗದಾಗ ಎರಡನೇ ಆಯ್ಕೆ ಇನ್ನೊಬ್ಬ ತಾಯಿ ದಾನವಿತ್ತ, ಪರೀಕ್ಷಿಸಿ ಪಾಶ್ಚರೀಕರಿಸಿದ ಹಾಲು. ಜಗತ್ತಿನ ಮೊದಲ ಎದೆಹಾಲಿನ ಬ್ಯಾಂಕ್ 1909ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಏಷ್ಯಾದ ಮೊದಲನೆಯದನ್ನು 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಸ್ಥಾಪಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಇಂಥ ಬ್ಯಾಂಕ್ ಇದೆ. ದಿನ ತುಂಬದ ಕೂಸುಗಳಲ್ಲಿ ಕರುಳು ಕೊಳೆಯುವ ಭೀಕರ ರೋಗವೊಂದು ಡಬ್ಬಿ ಹಾಲನ್ನಷ್ಟೇ ಕುಡಿದವುಗಳಲ್ಲಿ, ಎದೆಹಾಲನ್ನಷ್ಟೇ ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚೆಂದು 1990ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು.

ಡಬ್ಬಿ ಹಾಲು ಬೇಕೇ ಆಗುವ ಸಂದರ್ಭದಲ್ಲಿ ವೈದ್ಯರು ಬರೆದುಕೊಟ್ಟ ಅಳತೆಯಲ್ಲಿ, ಕುದಿಸಿದ ನೀರಿನಲ್ಲಿ, ಒಳಲೆಯಲ್ಲಿ ಕೊಡಬೇಕು; ಜೊತೆಗೆ ಹಿಂಡುವುದು ನಿಲ್ಲಬಾರದು. ಒಂದಷ್ಟು ದಿನ ಡಬ್ಬಿ ಹಾಲು ಕೊಟ್ಟ ತಾಯಿ ಸೋತವಳಲ್ಲ. ಕೂಸಿನ ಬಾಯಿಗೆ ಬಿದ್ದ ಎದೆಹಾಲು ಎಷ್ಟೇ ಸ್ವಲ್ಪವಾಗಿರಲಿ ಲೆಕ್ಕಕ್ಕೆ ಬರುತ್ತದೆ, ಮುಂದೆ ಪೂರ್ತಿ ಎದೆಹಾಲಿಗೆ ಮರಳಿದ ಅವಳಿಗಳು ಬಹಳ. ಭಾರತದಲ್ಲಿ 1992ರ ಕಾಯ್ದೆ ಶಿಶುಹಾಲಿನ ಪುಡಿ ಹಾಗೂ ಹಾಲಿನ ಬಾಟಲಿಗಳ ಜಾಹೀರಾತನ್ನು, ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನು ನಿಷೇಧಿಸಿದೆ.

ಬಾಣಂತಿಯ ಊಟ, ನೀರು, ನಿದ್ದೆ

ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಅದು ಒಂದು ಕೂಸಿನ ಲೆಕ್ಕ, ಅವಳಿಗಳಿದ್ದರೆ ಇನ್ನೂ ಬೇಕು. ಬಾಣಂತನದ ಅಡುಗೆಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ: ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಸಾರು, ಮೆಂತ್ಯ, ತುಪ್ಪದನ್ನ, ಉತ್ತರ ಕರ್ನಾಟಕದ ಅಂಟಿನುಂಡಿ, ಅಳವಿ ಪಾಯಸ. ಇವುಗಳಲ್ಲಿ ಯಾವುದೋ ಒಂದು ಪದಾರ್ಥ ಹಾಲು ಉಕ್ಕಿಸುತ್ತದೆ ಎನ್ನುವುದಕ್ಕಿಂತ, ಹೊಟ್ಟೆತುಂಬ ಉಣ್ಣಿಸುವ ಆ ಕ್ರಮವೇ ದೊಡ್ಡದು. ತೊಂದರೆಯಿರುವುದು ಪಥ್ಯದ ಹೆಸರಿನಲ್ಲಿ ನೀರನ್ನು ಗುಟುಕು ಲೆಕ್ಕದಲ್ಲಿ ಕೊಡುವ, ಕಾಳು, ಹಣ್ಣು, ಸೊಪ್ಪನ್ನು ವಾರಗಟ್ಟಲೆ ದೂರವಿಡುವ ಕಡೆ. ಬಾಯಾರಿದಾಗಲೆಲ್ಲ ಅವಳು ನೀರು ಕುಡಿಯಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಊಟ ಕೊಡುವ ಮಾತೃಪೂರ್ಣ ಯೋಜನೆ ಕರ್ನಾಟಕದಲ್ಲಿ 2017ರಿಂದ ಇದೆ. ಆದರೆ ಎರಡು ಎಳೆಗೂಸುಗಳನ್ನು ಬಿಟ್ಟು ನಡೆದುಹೋಗಲಾರದವಳಿಗೆ ಊಟ ಮನೆಗೇ ಬರುವಂತಿರಬೇಕು.

ಆಸ್ಪತ್ರೆಯಿಂದ ಮರಳಿದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಬಂದು ಕೂಸಿನ ತೂಕ, ಮೈಬಿಸಿ, ಹಾಲು ಕುಡಿಯುವ ರೀತಿ ನೋಡುತ್ತಾರೆ. ಅವಳಿಗಳ ಮನೆಯಲ್ಲಿ ಆಕೆಯ ತಕ್ಕಡಿಯ ಜೋಳಿಗೆಗೆ ಎರಡನ್ನೂ ಬೇರೆ ಬೇರೆಯಾಗಿ ಹಾಕಿ, ಎರಡು ತೂಕವನ್ನೂ ಬರೆಸಿಕೊಳ್ಳಬೇಕು. ಚಿಕ್ಕದನ್ನು ಮೊದಲು ಹಾಕಬೇಕು.